ಕಸ ಬೇರ್ಪಡಿಸುವ ಹೊಣೆ ಯಾರದು?

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಹೆಸರು ಈಗ ನಾಡಿಗೆಲ್ಲ ಗೊತ್ತು. ಅಲ್ಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದು, 2023ರ ಫೆಬ್ರುವರಿ 6ರಂದು ಉದ್ಘಾಟನೆಯೂ ಆಯಿತು. ಕಾರ್ಖಾನೆ ಬಂದ ಕಡೆ ಒಳ್ಳೆಯ ರಸ್ತೆ ಬರುತ್ತದೆ. ರಸ್ತೆಯ ಹಿಂದೆಯೇ ಟೀ ಅಂಗಡಿ, ಬೇಕರಿ, ಬಾಡಿಗೆ ಮನೆಗಳು ಬರುತ್ತವೆ. ಇವೆಲ್ಲದರ ಜೊತೆಗೆ, ಯಾರೂ ಕರೆಯದಿದ್ದರೂ, ಕಸ ಬರುತ್ತದೆ. ನಗರಗಳು ಈ ಕಸವನ್ನು ಹೇಗೆ ನಿಭಾಯಿಸಿದವು, ಎಲ್ಲಿ ಸೋತವು, ಅದನ್ನು ಬೇರ್ಪಡಿಸುವ ಹೊಣೆ ನಿಜಕ್ಕೂ ಯಾರದು ಎಂದು ಈ ಸೀಮೆಯವರು ಈಗಲೇ ಕೇಳಿಕೊಳ್ಳಬೇಕು. ರಾಶಿ ಬಿದ್ದ ಮೇಲೆ ಕೇಳಿದರೆ ಉತ್ತರ ಸಿಕ್ಕೀತು, ಪ್ರಯೋಜನ ಸಿಗುವುದಿಲ್ಲ.

ಹಳ್ಳಿಯಲ್ಲಿ ಈ ಪ್ರಶ್ನೆ ಮೊದಲು ಇರಲೇ ಇಲ್ಲ. ಹಿತ್ತಲಿನ ತಿಪ್ಪೆಗೆ ಸಗಣಿ, ಗಂಜಲದ ಹುಲ್ಲು, ಒಲೆಯ ಬೂದಿ, ತರಕಾರಿ ಸಿಪ್ಪೆ, ಎಂಜಲೆಲೆ ಎಲ್ಲ ಒಟ್ಟಿಗೆ ಬೀಳುತ್ತಿದ್ದವು. ಮುಂಗಾರಿಗೆ ಮೊದಲು ಅದೇ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ತೆಂಗಿನ ಸೀಮೆಯಾದ್ದರಿಂದ ಮಟ್ಟೆ, ಕರಟ, ಗರಿ ಬಚ್ಚಲೊಲೆಗೆ ಸಾಕಾಗುತ್ತಿದ್ದವು. ಬೆರೆಸಿದರೂ ನಡೆಯುತ್ತಿತ್ತು, ಏಕೆಂದರೆ ಬೆರೆಸಿದ್ದೆಲ್ಲವೂ ಕೊಳೆಯುವಂಥದ್ದೇ ಆಗಿತ್ತು. ನಮ್ಮ ಜನರ ಕೈಗೆ ಅಂಟಿದ ಅಭ್ಯಾಸ ಅಂದಿನದೇ, ಆದರೆ ಕಸ ಅಂದಿನದಲ್ಲ. ಆ ತಿಪ್ಪೆಗೆ ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಮಕ್ಕಳ ಡೈಪರ್ ಬಿದ್ದ ದಿನದಿಂದ ತಿಪ್ಪೆಯೂ ಕೆಟ್ಟಿತು, ಗೊಬ್ಬರವೂ ಕೆಟ್ಟಿತು. ಜನರಿಗೆ ಸ್ವಚ್ಛತೆಯ ಅರಿವಿಲ್ಲ ಎಂದು ಭಾಷಣ ಮಾಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಬೆರೆತ ಕಸ ಏನು ಮಾಡುತ್ತದೆ ಎಂಬುದಕ್ಕೆ ಬೆಂಗಳೂರಿನ ಸುತ್ತಲಿನ ಹಳ್ಳಿಗಳೇ ಸಾಕ್ಷಿ. ಮಾವಳ್ಳಿಪುರದ ಜನ ಪಟ್ಟು ಹಿಡಿದ ಮೇಲೆ 2012ರಲ್ಲಿ ಅಲ್ಲಿಗೆ ಕಸ ಸುರಿಯುವುದು ನಿಂತಿತು, ರಾಜಧಾನಿಯ ಬೀದಿಗಳಲ್ಲೇ ಕಸ ಕೊಳೆಯಿತು. ಆ ಹೊರೆ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಮಂಡೂರಿನವರೂ ಲಾರಿಗಳಿಗೆ ಅಡ್ಡ ನಿಂತರು. ಅವರು ಹೇಳಿದ್ದು ಬಹಳ ಸರಳ: ನಿಮ್ಮ ಕಸ, ನಮ್ಮ ಬಾವಿ ನೀರು. ಹಸಿ ಕಸ ಪ್ಲಾಸ್ಟಿಕ್ಕಿನ ನಡುವೆ ಗಾಳಿಯಾಡದೆ ಕೊಳೆತರೆ ಕಪ್ಪು ರಸ ಇಳಿಯುತ್ತದೆ, ಮೀಥೇನ್ ಹುಟ್ಟುತ್ತದೆ, ರಾಶಿಗೆ ತಾನೇ ಬೆಂಕಿ ಹತ್ತುತ್ತದೆ. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ಅದೊಂದನ್ನು ಬೇರೆ ಇಟ್ಟಿದ್ದರೆ ಆ ಹಳ್ಳಿಗಳ ಸಂಕಟದ ಬಹುಪಾಲು ತಪ್ಪುತ್ತಿತ್ತು. ತುಮಕೂರು ನಗರದ ಕಸ ಹೋಗುವುದು ಅಜ್ಜಗೊಂಡನಹಳ್ಳಿಗೆ. ಸೋಮೇಶ್ವರಪುರಂನಲ್ಲೋ ಅಶೋಕನಗರದಲ್ಲೋ ಕುಳಿತು ಕಸವನ್ನು ಒಂದೇ ಕವರಿನಲ್ಲಿ ಗಂಟು ಕಟ್ಟುವವರಿಗೆ ಆ ಊರಿನ ಹೆಸರು ನೆನಪಿರಬೇಕು. ಕಸದ ಘಟಕಗಳಿಗೆ ಜಾಗ ಹುಡುಕುವಾಗ ಅಧಿಕಾರಿಗಳ ಕಣ್ಣು ಮೊದಲು ಬೀಳುವುದು ಗೋಮಾಳ, ಕಾವಲುಗಳ ಮೇಲೆ. ದನ ಮೇಯುವ ನೆಲಕ್ಕೆ ಒಡೆಯನಿಲ್ಲ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ.

ಹಾಗಾದರೆ ಬೇರ್ಪಡಿಸುವ ಕೆಲಸ ಮನೆಯಲ್ಲೇ ಏಕೆ ಆಗಬೇಕು? ತೆರಿಗೆ ಕಟ್ಟುತ್ತೇವೆ, ಯಂತ್ರ ತಂದು ಪಾಲಿಕೆಯೇ ಬೇರ್ಪಡಿಸಲಿ ಎನ್ನುವವರಿದ್ದಾರೆ. ಮೇಲ್ನೋಟಕ್ಕೆ ನ್ಯಾಯವೆನಿಸುವ ಈ ಮಾತು ಕೆಲಸದಲ್ಲಿ ನಿಲ್ಲುವುದಿಲ್ಲ. ಸಾರಿಗೆ ಬಿದ್ದ ಉಪ್ಪನ್ನು ವಾಪಸ್ ತೆಗೆಯಲಾಗದಂತೆ, ಅನ್ನ ಸಾಂಬಾರು ಮೆತ್ತಿಕೊಂಡ ಕಾಗದವನ್ನು ಮತ್ತೆ ಕಾಗದವಾಗಿಸಲು ಬರುವುದಿಲ್ಲ. ಯಂತ್ರ ಅದನ್ನು ಬೇರೆ ಮಾಡಬಹುದು, ಶುದ್ಧ ಮಾಡಲಾರದು. ನಂದಿನಿ ಹಾಲಿನ ಕವರನ್ನೇ ನೋಡಿ. ಅದು ಒಂದೇ ಬಗೆಯ ಪ್ಲಾಸ್ಟಿಕ್, ಕರಗಿಸಿ ಮತ್ತೆ ಬಳಸಲು ಬರುವಂಥದ್ದು. ತೊಳೆದು, ಬಟ್ಟೆ ತಂತಿಗೆ ಸಿಕ್ಕಿಸಿ ಒಣಗಿಸಿದ ಕವರನ್ನು ಗುಜರಿಯವರು ತೂಕಕ್ಕೆ ಹಾಕಿಕೊಳ್ಳುತ್ತಾರೆ. ಒಳಗೆ ನಾಲ್ಕು ಹನಿ ಹಾಲು ಉಳಿದರೆ ಮಾರನೆಯ ದಿನ ಹುಳಿ ನಾತ, ಮೂರನೆಯ ದಿನ ಹುಳ. ಆಗ ಅದನ್ನು ಕೈಯಲ್ಲಿ ಮುಟ್ಟುವವರಿಲ್ಲ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆದರೆ ಆ ಚೂರನ್ನು ಯಾರೂ ಆರಿಸಲಾರರು, ಅದು ಚರಂಡಿಗೋ ಹಸುವಿನ ಹೊಟ್ಟೆಗೋ ಸೇರುತ್ತದೆ. ಮೂಲೆಯನ್ನು ಅರ್ಧ ಕತ್ತರಿಸಿ ಕವರಿಗೇ ಅಂಟಿಕೊಂಡಿರಲು ಬಿಟ್ಟರೆ ಅದೂ ಉಳಿಯುತ್ತದೆ. ಇಷ್ಟಕ್ಕೆ ಬೇಕಾದದ್ದು ಎರಡು ಲೋಟ ನೀರು, ಅರ್ಧ ನಿಮಿಷ. ಇದೇ ಕೆಲಸವನ್ನು ಘಟಕದಲ್ಲಿ ಮಾಡಲು ಹೋದರೆ ಲಾರಿ, ಯಂತ್ರ, ಕರೆಂಟು, ಕೂಲಿ ಎಲ್ಲ ಬೇಕು, ಆದರೂ ಫಲ ಅಷ್ಟಕ್ಕಷ್ಟೆ. ಮನೆಯಲ್ಲಿ ಮಾಡಬೇಕು ಎನ್ನಲು ನನಗೆ ಕಾಣುವ ಮೊದಲ ಕಾರಣ ಇದು.

ಎರಡನೆಯ ಕಾರಣ ಇನ್ನೂ ದೊಡ್ಡದು. ಮನೆಯಲ್ಲಿ ಬೇರ್ಪಡಿಸದ ಕಸವನ್ನು ಕೊನೆಗೆ ಬೇರ್ಪಡಿಸುವುದು ಒಬ್ಬ ಮನುಷ್ಯನ ಕೈ. ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಕೆಲಸ ಮಾಡುವ ಹೆಂಗಸರು ಪ್ಲಾಸ್ಟಿಕ್ಕನ್ನು ಮುಟ್ಟಿ, ಹಿಸುಕಿ, ಅದರ ಸದ್ದು ಕೇಳಿಯೇ ಜಾತಿ ಗುರುತಿಸುತ್ತಾರೆ: ಇದು ನೀರಿನ ಬಾಟಲಿ ಮಾಲು, ಇದು ಬಕೆಟ್ ಮಾಲು, ಇದು ಕವರ್ ಮಾಲು. ವರ್ಷಗಳ ಕಾಲ ಕಲಿತ ಕಸುಬು ಅದು, ಸರ್ಟಿಫಿಕೇಟ್ ಇಲ್ಲದ ವಿದ್ಯೆ. ಅಂಥ ಕೈಗೆ ಒಡೆದ ಗಾಜು, ಸಿರಿಂಜು, ಬಳಸಿದ ಪ್ಯಾಡು ಸಿಗುವಂತೆ ಮಾಡುವುದು ಕ್ರೌರ್ಯ. ಮಾಡುವವರು ಒಳ್ಳೆಯವರೇ ಇರಬಹುದು, ಆದರೂ ಅದು ಕ್ರೌರ್ಯವೇ. 2011ರಲ್ಲಿ ಬೆಂಗಳೂರಿನ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ಮುಂದೆ ಹಸಿರುದಳದಂಥ ಸಂಸ್ಥೆಗಳ ಬೆಂಬಲದಿಂದ ಅವರಲ್ಲಿ ಹಲವರು ವಾರ್ಡಿನ ಒಣ ಕಸ ಕೇಂದ್ರಗಳನ್ನು ತಾವೇ ನಡೆಸತೊಡಗಿದರು. ರಾತ್ರಿ ನಾಯಿಗಳ ನಡುವೆ ತೊಟ್ಟಿ ಕೆದಕುತ್ತಿದ್ದವರು ಷಟರ್ ಎತ್ತಿ ಲೆಕ್ಕ ಬರೆಯುವಂತಾದರು. ಕಸದ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡಬಹುದಾದ ಸಂಗತಿ ಇದೇ. ಆದರೆ ಆ ಕೇಂದ್ರ ಬದುಕುವುದು ಒಣ ಕಸ ಒಣಗಿಯೇ ಬಂದರೆ ಮಾತ್ರ.

ಮನೆಯಲ್ಲೇ ಬೇರ್ಪಡಿಸಬೇಕೆಂಬ ಮಾತನ್ನು ಕಾನೂನು ಎಂದೋ ಒಪ್ಪಿದೆ. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ವಿಧಿಸಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು ಡೈಪರುಗಳು, ಚೀಲಕ್ಕೆ ಒಣ ಕಸ. 2016ರ ಏಪ್ರಿಲಿನಲ್ಲಿ ಕೇಂದ್ರದ ಘನತ್ಯಾಜ್ಯ ನಿಯಮಗಳು ಇಡೀ ದೇಶದ ಮನೆಮನೆಗೂ ಇದೇ ಹೊಣೆ ಹೊರಿಸಿದವು.

ಇಲ್ಲಿ ಗೃಹಿಣಿಯರು ಎತ್ತುವ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ನಾವು ಬೇರೆ ಬೇರೆ ಮಾಡಿ ಕೊಟ್ಟರೂ ಗಾಡಿಯವರು ಎಲ್ಲ ಒಟ್ಟಿಗೆ ಸುರಿದುಕೊಳ್ಳುತ್ತಾರಲ್ಲ, ಮತ್ತೇಕೆ ಈ ಕಷ್ಟ? ಎಷ್ಟೋ ಊರುಗಳಲ್ಲಿ ಇದು ನಿಜ. ಒಂದೇ ಡಬ್ಬಿಯ ಗಾಡಿ ಕಳಿಸಿ ಮೂರು ಬಗೆ ಬೇರ್ಪಡಿಸಿ ಎಂದು ಗೋಡೆಬರಹ ಬರೆಸುವ ಆಡಳಿತ ಜನರ ಶ್ರಮಕ್ಕೆ ಅವಮಾನ ಮಾಡುತ್ತದೆ. ಹಾಗೆಂದು ತಪ್ಪನ್ನು ಪೌರಕಾರ್ಮಿಕರ ತಲೆಗೆ ಕಟ್ಟಬಾರದು. ಎರಡು ಭಾಗ ಮಾಡಿದ ಗಾಡಿ, ಒಣ ಕಸಕ್ಕೆ ಗೊತ್ತುಪಡಿಸಿದ ದಿನ, ಇಳಿಸಿಕೊಳ್ಳಲು ಹತ್ತಿರದಲ್ಲೊಂದು ಶೆಡ್ಡು, ಇವಿಲ್ಲದೆ ಅವರಾದರೂ ಏನು ಮಾಡಿಯಾರು? ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಶೂನ್ಯ ತ್ಯಾಜ್ಯ ಘಟಕ ಊರೊಳಗೇ ಇದೆ. ಆಸುಪಾಸಿನ ಕಸ ಅಲ್ಲೇ ಗೊಬ್ಬರವಾಗಿ, ಮಾರುವ ಮಾಲಾಗಿ ಬೇರೆಯಾಗುತ್ತದೆ. ಕಸ ದೂರ ಹೋಗದಿದ್ದರೆ ಬೆರೆಯುವ ಸಂಭವವೂ ಕಡಿಮೆ, ನೋಡುವ ಕಣ್ಣುಗಳೂ ಹೆಚ್ಚು.

ಇನ್ನೊಂದು ಹೊಣೆಗಾರ ಪಕ್ಷ ಇದೆ: ಪ್ಯಾಕೆಟ್ಟು ತುಂಬಿ ಮಾರುವ ತಯಾರಕರು. ಅದರ ಹೆಸರನ್ನು ಸ್ವಚ್ಛತಾ ಜಾಥಾಗಳಲ್ಲಿ ಯಾರೂ ಕೂಗುವುದಿಲ್ಲ. ಗುಜರಿ ಅಂಗಡಿಯವರು ಕಬ್ಬಿಣ, ರದ್ದಿ ಪೇಪರ್, ರಟ್ಟು, ಬಾಟಲಿ ಕೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್ಟನ್ನು ಯಾರೂ ಕೊಳ್ಳುವುದಿಲ್ಲ. ಪ್ಲಾಸ್ಟಿಕ್ಕಿನ ಪದರಕ್ಕೆ ಅಲ್ಯೂಮಿನಿಯಂ ಲೇಪ ಸೇರಿಸಿ ಮಾಡಿದ ಆ ವಸ್ತುವನ್ನು ಬಿಡಿಸಿ ಮತ್ತೆ ಬಳಸುವುದು ಲಾಭದ ಬಾಬತ್ತಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗುತ್ತದೆ. ಜಗತ್ತು 2015ರವರೆಗೆ ಬಿಸಾಡಿದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಯಾದದ್ದು ಸುಮಾರು ಶೇ 9 ಮಾತ್ರ ಎಂದು 2017ರ ಅಂತರರಾಷ್ಟ್ರೀಯ ಅಧ್ಯಯನವೊಂದು ಲೆಕ್ಕ ಹಾಕಿತು. ಕೆನಡಾದ ಕಿಚನರ್ ನಗರದಲ್ಲಿ 1980ರ ದಶಕದ ಆರಂಭದಲ್ಲೇ ಮನೆಮುಂದೆ ನೀಲಿ ಪೆಟ್ಟಿಗೆ ಇಡುವ ಪದ್ಧತಿ ಬಂತು, ಹಲವು ಶ್ರೀಮಂತ ದೇಶಗಳು ಅದನ್ನು ಅನುಸರಿಸಿದವು. ಆದರೂ ಆ ಪೆಟ್ಟಿಗೆಗಳ ಬಹಳಷ್ಟು ಮಾಲು ಹಡಗೇರಿ ಚೀನಾಕ್ಕೆ ಹೋಗುತ್ತಿತ್ತು. 2018ರಲ್ಲಿ ಚೀನಾ ಬಾಗಿಲು ಮುಚ್ಚಿದಾಗ ಅವರ ಗೋದಾಮುಗಳಲ್ಲೂ ರಾಶಿ ಬಿದ್ದಿತು. ಕೊಳ್ಳುವವರಿಲ್ಲದ ವಸ್ತುವನ್ನು ಎಷ್ಟು ಶ್ರದ್ಧೆಯಿಂದ ಬೇರೆ ಇಟ್ಟರೂ ಅದು ಬೇರೆ ಇಟ್ಟ ಕಸವೇ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ, ಚಮಚ, ಲೋಟ, ತಟ್ಟೆ ನಿಷೇಧವಾದವು, ಪದರದ ಪ್ಯಾಕೆಟ್ಟುಗಳು ಉಳಿದುಕೊಂಡವು. ತಯಾರಕರೇ ತಮ್ಮ ಕಸ ವಾಪಸ್ ಪಡೆಯಬೇಕೆಂಬ ನಿಯಮವಿದೆ. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿ ಮಾಲೆ ಮಾಲೆಯಾಗಿ ತೂಗುವ ಸ್ಯಾಶೆಗಳನ್ನು ವಾಪಸ್ ಒಯ್ಯಲು ಬಂದ ಕಂಪನಿಯ ಗಾಡಿಯನ್ನು ನಾನಂತೂ ಕಂಡಿಲ್ಲ. ಮನೆಯವರಿಂದ ಶಿಸ್ತು ಕೇಳುವ ಸರ್ಕಾರ ಕಾರ್ಖಾನೆಯವರಿಂದ ಅದರ ಹತ್ತು ಪಟ್ಟು ಕೇಳಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರೋಣವೇ? ಬೇಡ. ಈಗ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸಂಜೀವಿನಿ ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳು ಸ್ವಚ್ಛ ವಾಹಿನಿ ಗಾಡಿ ಓಡಿಸುತ್ತಾ ಮನೆಮನೆಯ ಒಣ ಕಸ ಎತ್ತುತ್ತಿದ್ದಾರೆ. ಬಿದರೆಹಳ್ಳ ಕಾವಲಿನ ಸುತ್ತಲಿನವರೇ, ಗುಬ್ಬಿ ಕುಣಿಗಲಿನವರೇ, ಹಸಿ ಕಸವನ್ನು ಹಿತ್ತಲಲ್ಲೇ ಉಳಿಸಿಕೊಳ್ಳಿ. ಅದಕ್ಕೆ ನಿಮಗಿರುವಷ್ಟು ಜಾಗ ಬೆಂಗಳೂರಿನವರಿಗಿಲ್ಲ. ಒಣ ಕಸವನ್ನು ತೊಳೆದು ಆ ಹೆಣ್ಣುಮಕ್ಕಳ ಕೈಗೆ ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ಈ ಗಾಡಿ ಕಸವನ್ನು ಎಲ್ಲಿ ಇಳಿಸುತ್ತದೆ, ಗಾಡಿ ಓಡಿಸುವವರಿಗೆ ಸಂಬಳ ಸರಿಯಾಗಿ ಬರುತ್ತಿದೆಯೇ? ಉತ್ತರ ನಡಾವಳಿ ಪುಸ್ತಕದಲ್ಲಿ ಬರೆದಾಗುವವರೆಗೆ ಏಳಬೇಡಿ.