ಕ್ಯಾಮ್ ಕೊಳ್ಳುವ ಮುನ್ನ ಕಾರ್ಡ್ ಕೇಳಿ

ಮನೆಯಲ್ಲಿ ಭತ್ತ ಮಾರಿದ ದುಡ್ಡು ಕೈಗೆ ಬಂದ ವಾರದಲ್ಲೇ ಗಂಗಾವತಿಯ ನನ್ನ ಗೆಳೆಯ ತನ್ನ 350 ಸಿಸಿ ಬೈಕಿಗೆ ‘ರೇಸಿಂಗ್ ಕ್ಯಾಮ್’ ಹಾಕಿಸಿದ. ‘ದೋಸ್ತ, ಇನ್ಮ್ಯಾಲೆ ಗಾಡಿ ಹಾರತೈತಿ ನೋಡು’ ಅಂದ. ಆನೆಗೊಂದಿ ರಸ್ತೆಯ ತಿರುವುಗಳಲ್ಲಿ ಮೊದಲು ಮೂರನೇ ಗೇರಿನಲ್ಲೇ ಸಲೀಸಾಗಿ ಹೋಗುತ್ತಿದ್ದ ಬೈಕು ಈಗ ಎರಡನೇ ಗೇರಿನಲ್ಲೂ ಕೆಮ್ಮುತ್ತದೆ. ಸರ್ಕಲ್‌ನಲ್ಲಿ ನಿಂತರೆ ಬಂದ್ ಆಗುತ್ತದೆ.

ಮಾರಿದವರು ಹೇಳಿದ್ದು ಒಂದೇ ಅಂಕಿ: ಡ್ಯುರೇಷನ್ 290 ಡಿಗ್ರಿ. ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಅವನು ಅಂದುಕೊಂಡ. ಪಕ್ಕದಲ್ಲಿ ನಿಂತು ತಲೆಯಾಡಿಸಿದವನು ನಾನು, ವಾಲ್ವ್ ಟೈಮಿಂಗ್ ಡಯಾಗ್ರಾಮ್ ಅಂದವಾಗಿ ಬಿಡಿಸಿ ಲ್ಯಾಬ್‌ನಲ್ಲಿ ಪೂರ್ತಿ ಅಂಕ ಪಡೆದ ಬಿಇ ವಿದ್ಯಾರ್ಥಿ!

ಉತ್ತರ ಆ ಚಿತ್ರದಲ್ಲೇ ಇತ್ತು. ಪಿಸ್ಟನ್ ಮೇಲ್ತುದಿ ಮುಟ್ಟುವ 20 ಡಿಗ್ರಿ ಮೊದಲೇ ಇನ್‌ಲೆಟ್ ವಾಲ್ವ್ ತೆರೆದು, ಕೆಳತುದಿ ದಾಟಿ 60 ಡಿಗ್ರಿಯಾದ ಮೇಲೆ ಮುಚ್ಚಿದರೆ ಡ್ಯುರೇಷನ್ 20+180+60, ಅಂದರೆ 260 ಡಿಗ್ರಿ. ಇದು ಕ್ರ್ಯಾಂಕ್ ಲೆಕ್ಕ. ಕ್ಯಾಮ್ ತಿರುಗುವುದು ಅದರ ಅರ್ಧ ವೇಗದಲ್ಲಿ. 290 ಎಂದರೆ ವಾಲ್ವ್ ಇನ್ನೂ ಬೇಗ ತೆರೆದು ಇನ್ನೂ ತಡವಾಗಿ ಮುಚ್ಚುತ್ತದೆ. ಆರ್‌ಪಿಎಂ ಹೆಚ್ಚಿದ್ದಾಗ ಗಾಳಿಗೆ ವೇಗವಿರುತ್ತದೆ. ಪಿಸ್ಟನ್ ಮೇಲೇರುತ್ತಿದ್ದರೂ ಅದು ಒಳನುಗ್ಗುತ್ತದೆ, ಶಕ್ತಿ ಹೆಚ್ಚುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಒಳಬಂದ ಮಿಶ್ರಣವನ್ನೇ ಪಿಸ್ಟನ್ ಹೊರಕ್ಕೆ ದೂಡುತ್ತದೆ. ಜೊತೆಗೆ ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ ಹೆಚ್ಚಾದರೆ ಐಡ್ಲಿಂಗ್ ಕೆಡುತ್ತದೆ. ಲೋಬ್ ಸೆಪರೇಷನ್ ಕೋನ ಕಿರಿದಾದಷ್ಟೂ ಓವರ್‌ಲ್ಯಾಪ್ ಜಾಸ್ತಿ.

ಈಗಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತನ್ನ ಗರಿಷ್ಠ ಟಾರ್ಕ್, ಅಂದರೆ 27 ನ್ಯೂಟನ್ ಮೀಟರ್, ಕೊಡುವುದು 4,000 ಆರ್‌ಪಿಎಂನಲ್ಲಿ. ಕುಷ್ಟಗಿ, ಯಲಬುರ್ಗಾ ಕಡೆಯ ಊರೊಳಗಿನ ಹಂಪ್‌ಗಳಲ್ಲಿ, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್‌ಗಳ ಹಿಂದೆ ನಾವು ಓಡಿಸುವುದು ಬಹುಪಾಲು ಅದಕ್ಕಿಂತ ಕೆಳಗೆ. 7,000ಕ್ಕೆ ಹೊಂದುವ ಕ್ಯಾಮ್ ಇಲ್ಲಿ ಏನು ಮಾಡೀತು?

ಹಾಗಾಗಿ ಕೊಳ್ಳುವಾಗ ಕ್ಯಾಮ್ ಕಾರ್ಡ್ ಕೇಳಿ. ಡ್ಯುರೇಷನ್ ಅಳೆದದ್ದು ವಾಲ್ವ್ ಅಲುಗಿದ ಕ್ಷಣದಿಂದಲೋ, 1 ಮಿಲಿಮೀಟರ್ ಎದ್ದ ಮೇಲೋ ಎಂಬುದನ್ನು ಮೊದಲು ನೋಡಿ. ಒಂದೇ ಕ್ಯಾಮ್‌ಗೆ ಈ ಎರಡು ಲೆಕ್ಕದಲ್ಲಿ ಹತ್ತಾರು ಡಿಗ್ರಿ ವ್ಯತ್ಯಾಸ ಬರುತ್ತದೆ. ಲಿಫ್ಟ್ ಕೂಡ ಹಾಗೆಯೇ: ಅದು ಲೋಬ್‌ನದೋ, ರಾಕರ್ ದಾಟಿದ ಮೇಲೆ ವಾಲ್ವ್‌ನದೋ? ಲಿಫ್ಟ್ ಹೆಚ್ಚಿದರೆ ಹಳೆಯ ಸ್ಪ್ರಿಂಗ್ ಸಾಕಾಗದೆ ಹೋಗಬಹುದು, ವಾಲ್ವ್ ಪಿಸ್ಟನ್‌ಗೆ ಬಡಿದರಂತೂ ಇಂಜಿನ್ ಕೆಲಸವೇ ಬೀಳುತ್ತದೆ. ಫ್ಯೂಯಲ್ ಇಂಜೆಕ್ಷನ್ ಗಾಡಿಯಾದರೆ ಇಸಿಯು ಮ್ಯಾಪ್ ಖರ್ಚನ್ನೂ ಸೇರಿಸಿಕೊಳ್ಳಿ. ಕಾರ್ಡ್ ಇಲ್ಲ ಎನ್ನುವವರ ಹತ್ತಿರ ಕೊಳ್ಳಲೇಬೇಡಿ.

ಅಂದಹಾಗೆ, ಆರ್‌ಎಕ್ಸ್ 100ಕ್ಕೆ ಯಾವ ಕ್ಯಾಮ್ ಒಳ್ಳೆಯದು ಅಂತ ಹಾಸ್ಟೆಲಿನಲ್ಲಿ ಕೇಳಿದವರಿದ್ದಾರೆ. ಅದರ ಟೂ ಸ್ಟ್ರೋಕ್ ಇಂಜಿನ್ನಿಗೆ ವಾಲ್ವ್ ತೆರೆಯುವ ಕ್ಯಾಮ್ ಇರುವುದಿಲ್ಲ ಮಾರಾಯರೇ! ನಮ್ಮ ಮೈಸೂರಿನ ಹಳೆಯ ಯೆಜ್ಡಿಗೂ ಇರಲಿಲ್ಲ.

ಗೆಳೆಯನ ಹಳೆಯ ಕ್ಯಾಮ್ ಪುಣ್ಯಕ್ಕೆ ಗ್ಯಾರೇಜಿನ ಡಬ್ಬಿಯಲ್ಲೇ ಉಳಿದಿತ್ತು. ಭಾನುವಾರ ಅದನ್ನೇ ವಾಪಸ್ ಕೂಡಿಸುತ್ತೇವೆ. ಅದಕ್ಕೂ ಮೊದಲು ಡಯಲ್ ಗೇಜ್ ಹಿಡಿದು ಎರಡನ್ನೂ ಅಳೆಯುವ ಕೆಲಸ ನನ್ನದು.