ನಗೆವೇದಿಕೆ ಅಷ್ಟು ಹಗುರವೇನಲ್ಲ

ಅಮೆರಿಕದ ಅಭ್ಯರ್ಥಿಗಳು ತಡರಾತ್ರಿಯ ಹಾಸ್ಯ ಕಾರ್ಯಕ್ರಮಗಳಿಗೆ ಹೋಗಿ ರಾಜಕೀಯವನ್ನು ಕೋಡಂಗಿಯಾಟ ಮಾಡಿದ್ದಾರೆಂದು ಕಳೆದ ಸಂಚಿಕೆಯ ಲೇಖಕರು ಮರುಗಿದ್ದಾರೆ. ಇದೇನು ನಿನ್ನೆ ಮೊನ್ನೆಯ ಚಾಳಿಯೇ? 1960ರಲ್ಲೇ ಅಭ್ಯರ್ಥಿ ಕೆನಡಿ ಇಂಥ ಕಾರ್ಯಕ್ರಮದ ನಿರೂಪಕ ಜಾಕ್ ಪಾರ್ ಎದುರು ಕೂತಿದ್ದರು. ಅಲ್ಲಿ ಬರೀ ಓಲೈಕೆ ಎಂಬುದೂ ಅರ್ಧಸತ್ಯ. 2008ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಮೆಕೇನ್, ಆರ್ಥಿಕ ಬಿಕ್ಕಟ್ಟು, ತುರ್ತಾಗಿ ವಾಷಿಂಗ್ಟನ್‌ಗೆ ಹೊರಟೆ ಎಂದು ಇಂಥದೇ ಕಾರ್ಯಕ್ರಮದ ನಿರೂಪಕ ಡೇವಿಡ್ ಲೆಟರ್‌ಮನ್‌ಗೆ ಕೈಕೊಟ್ಟರು. ಹೊರಟವರು ಅದೇ ವಾಹಿನಿಯ ಸುದ್ದಿ ಸಂದರ್ಶನಕ್ಕೆ ಮೇಕಪ್ ಮಾಡಿಸಿಕೊಳ್ಳುತ್ತಿದ್ದರು! ಲೆಟರ್‌ಮನ್ ಆ ದೃಶ್ಯವನ್ನೇ ಪರದೆಗೆ ತಂದು ಮಾನ ಕಳೆದರು. ಮುಂದಿನ ತಿಂಗಳು ಮೆಕೇನ್ ಅಲ್ಲಿಗೇ ಬಂದು ತಪ್ಪೊಪ್ಪಿಕೊಂಡರು. ಯಾವ ಗಂಭೀರ ಪತ್ರಿಕಾಗೋಷ್ಠಿಯಲ್ಲಿ ಹೀಗಾಗುತ್ತದೆ? 2016ರಲ್ಲಿ ಇನ್ನೊಬ್ಬ ನಿರೂಪಕ ಜಿಮ್ಮಿ ಫ್ಯಾಲನ್ ಅಭ್ಯರ್ಥಿ ಟ್ರಂಪ್ ತಲೆಗೂದಲು ಕೆದರಿ ಮುದ್ದು ಮಾಡಿದ್ದು ನಿಜ. ನೋಡಿ ನನಗೂ ಮುಜುಗರವಾಗಿತ್ತು. ಆದರೆ ಅದು ಫ್ಯಾಲನ್‌ರ ಪುಕ್ಕಲುತನ. ಅದಕ್ಕೆ ವೇದಿಕೆಯನ್ನು ಬೈದರೆ ಹೇಗೆ?