ತಾಲ್ಲೂಕು ಕಚೇರಿಯ ಗಣಕಕ್ಕೆ ತಕ್ಕ ಉಪಕರಣ

ಭೀಮಾತೀರದ ಅಫಜಲಪುರ, ಜೇವರ್ಗಿಗಳಲ್ಲಿಯೂ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಆಳಂದದಲ್ಲಿಯೂ ರೈತನು ಗಣಕಯಂತ್ರವನ್ನು ಮೊದಲಿಗೆ ಕಂಡದ್ದು ಪ್ರಾಯಶಃ ತಹಶೀಲ್ದಾರರ ಕಚೇರಿಯ ಪಹಣಿ ಕಿಟಕಿಯಲ್ಲಿ. ಈ ಶತಮಾನದ ಆದಿಭಾಗದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, 177 ತಾಲ್ಲೂಕುಗಳಲ್ಲಿ 15 ರೂಪಾಯಿಗೊಂದರಂತೆ ಮುದ್ರಿಸಿ ಕೊಡತೊಡಗಿದಾಗ, ತಲಾಠಿಯ ದಫ್ತರ ಬಿಚ್ಚುವುದನ್ನೇ ಕಾದು ಬೇಸತ್ತಿದ್ದ ಜನಕ್ಕೆ ಅದು ಬಿಡುಗಡೆಯೆಂದೇ ತೋರಿತು. ಆ ವ್ಯವಸ್ಥೆಯು ವಿಂಡೋಸ್ ಗಣಕಗಳನ್ನೇ ಆಶ್ರಯಿಸಿದ್ದಿತು. ಅಂದಿಗೆ ಅದು ಸಹಜ. ಇಂದಿಗೂ ಅದನ್ನೇ ವಿಧಿಯೆಂದು ತಿಳಿಯುವುದು ಮಾತ್ರ ಅವಿವೇಕ.

ಏಕೆಂದರೆ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಅದರ ನಿರ್ಮಾತೃಗಳ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಅದರ ಉತ್ತರಾಧಿಕಾರಿಯಾದ 11ನೆಯ ಆವೃತ್ತಿಯಾದರೋ ಹಳೆಯ ಯಂತ್ರಗಳನ್ನು ಬಾಗಿಲಲ್ಲಿಯೇ ನಿಲ್ಲಿಸುತ್ತದೆ. ಕೆಲಸ ಮಾಡುತ್ತಿರುವ ಗಣಕವನ್ನು ಗುಜರಿಗೆ ಹಾಕದೆ ಅದರ ಮೇಲೆ ಲಿನಕ್ಸ್ ಸ್ಥಾಪಿಸಿ ಇನ್ನೂ ಹಲವು ವರ್ಷ ದುಡಿಸಬಹುದು. ಆದರೆ ಕಚೇರಿಯ ತಂತ್ರಾಂಶವು ಅಲ್ಲಿಯೂ ನಡೆಯುವಂಥದಾಗಿದ್ದರೆ ಮಾತ್ರ. ಎಲ್ಲವೂ ಅಂತರ್ಜಾಲಕ್ಕೆ ಹೋಗಿರುವಾಗ ಮೇಜಿನ ಮೇಲಣ ತಂತ್ರಾಂಶದ ಮಾತೇಕೆ ಎನ್ನುವವರು, ‘ಸರ್ವರ್ ಡೌನ್ ಅದ’ ಎಂಬ ಒಂದೇ ಮಾತು ಕೇಳಿ ಊರಿನ ಬಸ್ಸು ಹಿಡಿದವರನ್ನು ವಿಚಾರಿಸಬಹುದು.

ಇಂತಹ ತಂತ್ರಾಂಶವನ್ನು ಶೀಘ್ರವಾಗಿ ರಚಿಸುವ ಉಪಕರಣಗಳಿಗೆ ಕೊರತೆಯಿಲ್ಲ. ಗುಂಡಿ, ಪಟ್ಟಿ, ನಮೂನೆಗಳನ್ನು ತೆರೆಯ ಮೇಲೆ ಎಳೆದಿಟ್ಟು ಕಾರ್ಯಕ್ರಮವನ್ನು ಕಟ್ಟುವ ಪದ್ಧತಿಯನ್ನು 1991ರ ವಿಷುವಲ್ ಬೇಸಿಕ್ ಜನಪ್ರಿಯಗೊಳಿಸಿತು. 1995ರಲ್ಲಿ ಬೋರ್ಲ್ಯಾಂಡ್ ಸಂಸ್ಥೆಯ ಡೆಲ್ಫಿಯು ಅದಕ್ಕೆ ವೇಗವನ್ನೂ ಶಿಸ್ತನ್ನೂ ತಂದಿತು. ಇವೆರಡೂ ಆಗ ವಿಂಡೋಸಿಗೆ ಬದ್ಧ. ಒಂದೇ ಮೂಲಬರಹದಿಂದ ಹಲವು ಕಾರ್ಯವ್ಯವಸ್ಥೆಗಳಿಗೆ ತಂತ್ರಾಂಶ ಸಿದ್ಧಪಡಿಸುವ ಸಾಧನಗಳ ಪೈಕಿ ಇಂದು ಹೆಚ್ಚು ಕೀರ್ತಿ ಗಳಿಸಿರುವುದು, ಗಿಟ್‌ಹಬ್ ಸಂಸ್ಥೆಯು 2013ರಲ್ಲಿ ಆರಂಭಿಸಿದ ಎಲೆಕ್ಟ್ರಾನ್. ಜಾಲಪುಟ ಬರೆಯಬಲ್ಲ ತರುಣನು ಅದರಿಂದ ಅಲ್ಪಕಾಲದಲ್ಲಿಯೇ ಅಂದವಾದ ತಂತ್ರಾಂಶವನ್ನು ನಿರ್ಮಿಸಬಲ್ಲನೆಂಬುದು ನಿಜ. ಆದರೆ ಅದು ಪ್ರತಿಯೊಂದು ತಂತ್ರಾಂಶದೊಡನೆಯೂ ಕ್ರೋಮಿಯಂ ಎಂಬ ಸಂಪೂರ್ಣ ಜಾಲವೀಕ್ಷಕವನ್ನೇ ಹೊತ್ತು ತರುತ್ತದೆ. ಒಂದು ಸೇರು ತೊಗರಿಯನ್ನು ಪೇಟೆಗೆ ಒಯ್ಯಲು ಲಾರಿ ಹೂಡಿದಂತೆ. ನೂರು ಮೆಗಾಬೈಟಿಗೂ ಮೀರಿದ ಆ ಗಾತ್ರವು ಬೆಂಗಳೂರಿನ ನಿರ್ಮಾಪಕನ ಹೊಸ ಯಂತ್ರಕ್ಕೆ ಭಾರವೆನಿಸದು. ಜೇವರ್ಗಿಯ ಗುಮಾಸ್ತನ ಹಳೆಯ ಯಂತ್ರಕ್ಕೆ ಏದುಸಿರು ಬರುತ್ತದೆ. ಇಂಥದೇ ಇನ್ನೊಂದು ಸಾಧನವಾದ ಟೌರಿಯು ಈ ಭಾರವನ್ನು ಬಹುವಾಗಿ ಇಳಿಸಿದೆಯಾದರೂ, ಗಣಕದಲ್ಲಿ ಮೊದಲೇ ಇರುವ ಜಾಲದರ್ಶಕ ಘಟಕವನ್ನು ನಂಬಿರುವುದರಿಂದ ಊರೂರಿನ ಯಂತ್ರಗಳಲ್ಲಿ ಅದರ ನಡತೆ ಒಂದೇ ಬಗೆಯಾಗಿರದು. ಫ್ಲಟರ್ ಮೇಜುಗಣಕಕ್ಕೆ ಸ್ಥಿರರೂಪದಲ್ಲಿ ಬಂದದ್ದೇ 2022ರಲ್ಲಿ. ಅದರ ಆಯುಷ್ಯವನ್ನು ಈಗಲೇ ಅಳೆಯುವುದು ಆತುರ. ನಾರ್ವೆಯಲ್ಲಿ ಜನಿಸಿದ ಕ್ಯೂಟಿಯಾದರೋ ಪ್ರೌಢ, ಸಮರ್ಥ. ಆದರೆ ಅದರ ಪರವಾನಗಿಯ ಷರತ್ತುಗಳನ್ನು ಬಿಡಿಸಲು ಒಬ್ಬ ವಕೀಲನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೇನೋ!

ನನ್ನ ಒಲವು ಲಾಜರಸ್ ಕಡೆಗೆ. 1999ರಲ್ಲಿ ಸ್ವಯಂಸೇವಕರಿಂದ ಆರಂಭಗೊಂಡು, ಫ್ರೀ ಪ್ಯಾಸ್ಕಲ್ ಭಾಷೆಯನ್ನು ಆಧರಿಸಿ, ಡೆಲ್ಫಿಯ ಮಾದರಿಯಲ್ಲಿ ಬೆಳೆದ ಈ ಉಚಿತ ಸಾಧನವು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಆಯಾ ಯಂತ್ರದ ನಿಜಭಾಷೆಯಲ್ಲಿಯೇ ಹಗುರವಾದ ತಂತ್ರಾಂಶವನ್ನು ಕೊಡುತ್ತದೆ. ಇದಕ್ಕೆ ಫ್ಯಾಷನ್ನಿನ ಮೆರುಗಿಲ್ಲ, ನುರಿತವರೂ ವಿರಳ. ಕನ್ನಡದ ವಿಷಯದಲ್ಲಿ ಒಂದು ತೊಡಕೂ ಉಂಟು. ‘ಶರಣಮ್ಮ’ ಎಂಬ ಹೆಸರು ನಮ್ಮ ಕಣ್ಣಿಗೆ ನಾಲ್ಕಕ್ಷರ. ಯೂನಿಕೋಡಿನಲ್ಲಿ ಅದು 6 ಸಂಕೇತ, ಯುಟಿಎಫ್-8 ರೂಪದಲ್ಲಿ 18 ಬೈಟು. ಲಾಜರಸ್ಸಿನಲ್ಲಿ ಪದದ ಉದ್ದವನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವುದು ಈ ಬೈಟುಗಳ ಲೆಕ್ಕವಾದುದರಿಂದ, ಎಚ್ಚರವಿಲ್ಲದ ರಚನೆಕಾರನು ಅಂಕಣಕ್ಕೆ ಹೊಂದಿಸಲು ಹೆಸರನ್ನು ಮೊಟಕುಗೊಳಿಸಿದನೆಂದರೆ ಒತ್ತಕ್ಷರವು ಕಳಚಿ, ಖಾತೆದಾರಳ ಹೆಸರೇ ಕೆಡುತ್ತದೆ. ಎಲೆಕ್ಟ್ರಾನಿನಲ್ಲಿ ಕನ್ನಡವು ಇದಕ್ಕಿಂತ ಸುಲಭವಾಗಿ ಸರಿಹೋಗುತ್ತದೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಈ ದೋಷವು ಅಭ್ಯಾಸದಿಂದ ಪರಿಹಾರವಾಗುವಂಥದು. ಅಡಿಪಾಯದಲ್ಲಿಯೇ ಹೊಕ್ಕಿರುವ ಭಾರವನ್ನು ಅಭ್ಯಾಸವು ಇಳಿಸಲಾರದು.

ಎಷ್ಟು ಬೇಗ ಕಟ್ಟಬಹುದೆಂಬುದು ಗುತ್ತಿಗೆದಾರನ ಪ್ರಶ್ನೆ. ಕಟ್ಟಿದವನು ಹೊರಟುಹೋದ ಮೇಲೆ ಅದನ್ನು ತಿದ್ದುವವರು ಯಾರು, ಯಂತ್ರ ಹಳೆಯದಾದಾಗ ಅದು ನಡೆಯುವುದೇ ಎಂಬುದು ತಾಲ್ಲೂಕಿನ ಪ್ರಶ್ನೆ; ನಮ್ಮ ಟೆಂಡರುಗಳಲ್ಲಿ ಮೊದಲ ಸ್ಥಾನ ದೊರೆಯಬೇಕಾದದ್ದು ಇದಕ್ಕೆ. ಆದುದರಿಂದ ಸರ್ಕಾರದ ಇಲಾಖೆಗಳಲ್ಲಿಯೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಲ್ಲಿಯೂ ನನ್ನ ವಿನಂತಿ ಇಷ್ಟೆ: ತಂತ್ರಾಂಶವು ಲಿನಕ್ಸಿನ ಮೇಲೆಯೂ ನಡೆಯತಕ್ಕದ್ದೆಂದೂ, ಅದರ ಮೂಲಬರಹವನ್ನು ಇಲಾಖೆಯ ವಶಕ್ಕೆ ಒಪ್ಪಿಸತಕ್ಕದ್ದೆಂದೂ ಕರಾರಿನಲ್ಲಿಯೇ ಬರೆಯಿಸಲಿ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಂತಿಮ ಕಂತಿನ ಹಣ ಸಂದಾಯವಾಗುವ ಮುನ್ನ ಅಲ್ಲಿಯ ವಿದ್ಯಾರ್ಥಿಗಳಿಂದ, ಈ ಮೂರು ತಾಲ್ಲೂಕುಗಳ ಅತ್ಯಂತ ಹಳೆಯ ಗಣಕಗಳ ಮೇಲೆ ಆ ತಂತ್ರಾಂಶದ ಪರೀಕ್ಷೆ ನಡೆಯಲಿ.